ಕೆಸರಿನಲ್ಲಿ ನೆಟ್ಟ ಗೂಟಗಳು

ಯುದ್ಧದಲ್ಲಿ ಕ್ಯೋತೋ ಹತ್ತಿ ಉರಿದ ವರ್ಷ ಗಂಡಂದಿರನ್ನು ದಂಡಿನವರು ಎಳೆದೊಯ್ದರು. ಗದ್ದೆಯ ಪೈರನ್ನು ಅವರ ಕುದುರೆಗಳು ಮೇದು ಮುಗಿಸಿದವು. ಆರಿಆಕೆ ಕೊಲ್ಲಿಯ ದಡದಲ್ಲಿ ಓರಗಿತ್ತಿಯರಿಬ್ಬರೇ ಉಳಿದರು: ಹಿರಿಯಳು ಶಿಗೆ, ಕಿರಿಯಳು ಮಿನೆ. ಸಮುದ್ರ ಇಳಿದಾಗ ಕೆಸರಿಗಿಳಿದು ಚಿಪ್ಪು ಬಗೆಯುವುದೇ ಅವರ ಬದುಕು. ಒಬ್ಬಳು ಹೂತರೆ ಇನ್ನೊಬ್ಬಳು ಸೊಂಟದ ಹಗ್ಗ ಹಿಡಿದು ಎಳೆಯಬೇಕು. ಒಂಟಿಯಾಗಿ ಇಳಿದವರು ಹಿಂದಿರುಗುತ್ತಿರಲಿಲ್ಲ.

ಕೆಸರಿನಾಚೆಯ ದಿಬ್ಬಕ್ಕೆ ಕಾನ್‌ಸುಕೆ ಎಂಬವನು ಬಂದು ಉಪ್ಪು ಕಾಯಿಸತೊಡಗಿದ. ದಂಡಿನಿಂದ ಓಡಿಬಂದವನು. ಶಿಗೆಯ ಕೈಗೆ ಒಂದು ಹಿಡಿ ಉಪ್ಪು ಸುರಿದು, "ನಿಮ್ಮನ್ನ ನೋಡಿದ್ರೆ ನಮ್ಮವ್ವನ ನೆನಪಾಗುತ್ತೆ" ಎಂದ. ಶಿಗೆಗೆ ಮೂವತ್ತಾರು. ಆ ಉಪ್ಪನ್ನು ಅವಳು ಬಾಯಿಗೆ ಹಾಕಲಿಲ್ಲ.

ಮಿನೆ ಮಾತ್ರ ಕೆಸರಿನೊಳಗಿನ ಗಟ್ಟಿ ನೆಲದ ಜಾಡು ತಪ್ಪದಂತೆ ತಾನೇ ಬಿದಿರು ಗೂಟ ನೆಟ್ಟುಕೊಂಡು ದಿನವೂ ದಿಬ್ಬಕ್ಕೆ ಹೋದಳು.

"ಉಪ್ಪು ತರೋಕೆ ಇಷ್ಟು ಹೊತ್ತೇನೆ?"

"ಕಾಯ್ಬೇಕಲ್ಲ ಅಕ್ಕ, ಕೂಗಿದ ತಕ್ಷಣ ಬರೋಕೆ ಅದೇನು ನಾಯಿಮರೀನಾ?"

"ಕೂದಲೆಲ್ಲ ಹೊಗೆ ವಾಸನೆ. ಒಲೆ ಮುಂದೆ ಕೂತಿದ್ಯೋ, ಒಲೆಯವನ ಮುಂದೋ?"

ಮಿನೆ ನಕ್ಕು ಗಂಜಿ ಕುಡಿದಳು. ಇವಳು ಅತ್ತಲೇ ಉಳಿದುಬಿಟ್ಟರೆ ತನ್ನ ಹಗ್ಗ ಹಿಡಿಯುವವರಾರು ಎಂಬ ಭಯವಷ್ಟೇ ಇದು ಎಂದು ಶಿಗೆ ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ನಿಜವಲ್ಲವೆಂದು ಅವಳಿಗೇ ಗೊತ್ತಿತ್ತು.

ಮಂಜು ಕವಿದ ಒಂದು ಮಧ್ಯಾಹ್ನ, ಮಿನೆ ಆಚೆಗೆ ಹೋದ ಮೇಲೆ, ಶಿಗೆ ಆರು ಗೂಟ ಕಿತ್ತು ಆಳ ಕೆಸರಿನ ಕಡೆಗೆ ನೆಟ್ಟು ಬಂದಳು.

ಸ್ವಲ್ಪ ಹೊತ್ತಿಗೆ ಕೂಗು ಕೇಳಿತು. "ಅಕ್ಕಾ! ಹಗ್ಗ ತನ್ನಿ!" ಶಿಗೆ ಹಗ್ಗವನ್ನೇನೋ ಕೈಗೆತ್ತಿಕೊಂಡಳು, ಹೊಸ್ತಿಲು ದಾಟಲಿಲ್ಲ. ಆಮೇಲೆ ಗಂಡಸಿನ ದನಿ. ಆಮೇಲೆ ಏರುವ ನೀರಿನ ಸದ್ದೊಂದೇ.

ಬಾಗಿಲ ಚಾಪೆ ಸರಿಯಿತು. ಕುತ್ತಿಗೆವರೆಗೆ ಕೆಸರು ಮೆತ್ತಿಕೊಂಡು ಮಿನೆ ಒಳಗೆ ಬಂದಳು.

"ಎತ್ತೋಕೆ ಬಂದ, ಅವನೂ ಹೂತ. ಅವನ ಹೆಗಲು ಮೆಟ್ಟಿ ಹತ್ತಿ ಬಂದೆ. ಮೆಟ್ಟಿದಾಗ ಇನ್ನೂ ಉಸಿರಿತ್ತು." ಶಿಗೆಯ ಕೈಯಲ್ಲಿದ್ದ ಒಣ ಹಗ್ಗವನ್ನು ನೋಡಿದಳು. "ಗೂಟ ನೆಟ್ಟೋಳು ನಾನು ಅಕ್ಕ. ಎಲ್ಲಿದ್ವು ಅಂತ ನಂಗೊತ್ತು."

ಶಿಗೆ ಹಗ್ಗವನ್ನು ಕೆಳಗಿಟ್ಟಳು.

"ಗಂಜಿ ಹಾಕಿ. ನಾಳೆ ಚಿಪ್ಪಿಗೆ ಹೋಗೋಣ. ನೀವು ಮುಂದೆ ನಡೀರಿ."

"ಕೊಲ್ತೀಯೇನೇ?"

"ಕೊಂದು ನಾನೇನು ತಿನ್ಲಿ?"

ಮರುದಿನ ಹೋದರು. ಶಿಗೆ ಮೊಣಕಾಲವರೆಗೆ ಹೂತಳು; ಹಗ್ಗ ಬಿಗಿಯಲಿಲ್ಲ. ಸೊಂಟದವರೆಗೆ ಹೂತಳು, ಆಗಲೂ ಇಲ್ಲ. ಕೆಸರು ಗದ್ದಕ್ಕೆ ತಾಗಿದ ಮೇಲೆ ಮಿನೆ ಎಳೆದಳು. ಬುಟ್ಟಿ ತುಂಬಿಸಿಕೊಂಡು ಇಬ್ಬರೂ ಮನೆಗೆ ಬಂದು ಬೇಯಿಸಿ ತಿಂದರು.

ಯುದ್ಧ ಮುಗಿಯಲು ಇನ್ನೂ ಒಂಬತ್ತು ವರ್ಷ ಹಿಡಿಯಿತು. ಅಷ್ಟೂ ವರ್ಷ ಮುಂದೆ ನಡೆದವಳು ಶಿಗೆಯೇ. ಇವತ್ತು ಎಳೆಯುತ್ತಾಳೋ ಇಲ್ಲವೋ ಎಂಬುದು ಒಂದು ದಿನವೂ ಅವಳಿಗೆ ಮೊದಲೇ ತಿಳಿಯಲಿಲ್ಲ.