ಅಕ್ಕನ ಕತ್ತರಿಗೆ ತಲೆಕೊಟ್ಟವರು

ಆ ಭಾನುವಾರ ಅಕ್ಕನ ಸಲೂನಿಗೆ ತಮ್ಮನೂ ಚಿಕ್ಕಪ್ಪನ ಮಕ್ಕಳಿಬ್ಬರೂ ಒಟ್ಟಿಗೇ ಬಂದರು. ಚಿಕ್ಕಪ್ಪನ ದೊಡ್ಡ ಮಗ ಬೋಳುತಲೆ ಸವರಿಕೊಳ್ಳುತ್ತ ಮೊದಲು ಕುರ್ಚಿ ಹಿಡಿದ.

"ಅಕ್ಕಾ, ಸ್ಟೈಲಾಗಿ ಕಟ್ ಮಾಡು."

"ಏನನ್ನೋ ಕಟ್ ಮಾಡ್ಲಿ, ಕಿವೀನಾ?"

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹಿಂದೊಂದು ಬೇಸಿಗೆ ರಜೆಯಲ್ಲಿ ಅವಳು ಈ ಮೂವರನ್ನೂ ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿ, ಅಮ್ಮನ ಹೊಲಿಗೆ ಕತ್ತರಿ ಆಡಿಸಿದ್ದಳು. ತಲೆಗಳು ಇಲಿ ಕಡಿದ ಚಾಪೆಯಂತಾಗಿದ್ದವು. ಅಮ್ಮ ಕೋಲು ಹಿಡಿದು ಬಂದಾಗ ಅಡ್ಡ ನಿಂತವನು ಈ ಬೋಳುತಲೆಯವನೇ: "ಹೊಡೀಬೇಡಿ ದೊಡ್ಡಮ್ಮಾ, ನಾವೇ ಕಟ್ ಮಾಡು ಅಂದ್ವಿ."

"ನಾವೆಲ್ಲಿ ಅಂದಿದ್ವಿ? ನೀನೇ ಕಿವಿ ಹಿಡಿದು ಕೂರಿಸಿದ್ದೆ," ಎಂದ ಈಗ ಅವನು, ಅಂದಿನ ಸುಳ್ಳು ನೆನೆದು.

"ಗೊತ್ತು ಕಣೋ," ಎಂದವಳು ಬೆಚ್ಚಗಿನ ಎಣ್ಣೆಯನ್ನು ಅವನ ನೆತ್ತಿಗೆ ತಟ್ಟತೊಡಗಿದಳು. ಅವನು ಸುಖವಾಗಿ ಕಣ್ಣು ಮುಚ್ಚಿದ. ಮುಂದಿನ ಸರದಿ ತನ್ನದೆಂದು ಉಳಿದಿಬ್ಬರು ಜಗಳಕ್ಕೆ ನಿಂತರು.