ಒಂದು ಚಾಪೆಯಗಲ ಬಿಸಿಲು

ಹತ್ತು ಕಿಲೋ ಮರಗೆಣಸಿಗೆ ಒಂಬೈನೂರು ಶಿಲ್ಲಿಂಗ್. ಜೀರಿಗೆ, ಉಪ್ಪು, ಮೆಣಸಿನಪುಡಿ ಸೇರಿ ಇನ್ನೂರೈವತ್ತು. ಬೇಯಿಸಿದ ಗ್ಯಾಸು ಅಂದಾಜು ನಾನೂರು. ಹಪ್ಪಳ ಒತ್ತುವ ಪ್ಲಾಸ್ಟಿಕ್ ಹಾಳೆ ಕಳೆದ ವರ್ಷದ್ದೇ ಇತ್ತು. ಬಿಸಿಲಿಗೆ ಮಾತ್ರ ಸೆಲೆಸ್ಟಿನ್ ಬಾಯಿ ನೈರೋಬಿಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಒಂದು ಕಾಸೂ ಕೊಟ್ಟವರಲ್ಲ. ಈ ಫೆಬ್ರವರಿಯಲ್ಲಿ ಅದಕ್ಕೂ ಬೆಲೆ ಬಂತು, ಅದೂ ಲಿಥುವೇನಿಯನ್ ಭಾಷೆಯಲ್ಲಿ.

ಕಿಲೆಲೆಶ್ವಾ ಬಡಾವಣೆಯ ಅವರ ನಾಲ್ಕು ಮಹಡಿಯ ಹಳೆ ಕಟ್ಟಡದ ಸುತ್ತ ಈಗ ಹದಿನೈದು ಮಹಡಿಯ ಹೊಸವು ಎದ್ದಿವೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕದ ಮೂಲೆಯೊಂದಕ್ಕೆ ಮಾತ್ರ ಹತ್ತರಿಂದ ಎರಡರವರೆಗೆ ಬಿಸಿಲು, ಒಂದು ಚಾಪೆಯಷ್ಟು ಅಗಲ. ತಿಂಗಳ ಕೊನೆಗೆ ಮಂಗಳೂರು ಕ್ಯಾಥೊಲಿಕರ ಸಂಘದ ಊಟಕ್ಕೆ ಸೆಲೆಸ್ಟಿನ್ ಬಾಯಿ ಪ್ರತಿ ವರ್ಷ ಐನೂರು ಮರಗೆಣಸಿನ ಹಪ್ಪಳ ಒಣಗಿಸುತ್ತಿದ್ದುದು ಅಲ್ಲೇ. ಈ ಸಲ ಆ ಮೂಲೆಯಲ್ಲಿ ಮಡಚುವ ಮಂಚ ಹಾಕಿಕೊಂಡು ಆಲ್ದೋನಾ ಮಲಗಿದ್ದರು.

ಆಲ್ದೋನಾ ಮೂರನೇ ಮಹಡಿಯ ಎಂಜಿನಿಯರ್ ಹೆಂಗಸಿನ ತಾಯಿ. ಲಿಥುವೇನಿಯಾದ ಚಳಿ ತಪ್ಪಿಸಿಕೊಳ್ಳಲು ಮಗಳ ಮನೆಗೆ ಬಂದವರು, ಎಪ್ಪತ್ತೈದರ ಆಸುಪಾಸು. ಅವರಿಗೆ ತಮ್ಮ ಭಾಷೆ ಬಿಟ್ಟು ಬೇರೇನೂ ಬಾರದೆಂದು ಕಟ್ಟಡದವರೆಲ್ಲ ನಂಬಿದ್ದರು. ಗೇಟಿನ ಕಾವಲುಗಾರ ಸ್ವಾಹಿಲಿಯಲ್ಲಿ ವಿಷಯ ಹೇಳಲು ಹೋಗಿ, ಅವರು ಕೊಟ್ಟ ಚಾಕಲೇಟು ತಿಂದು, ಅಸಾಂಟೆ ಎಂದು ಥ್ಯಾಂಕ್ಸ್ ಹೇಳಿ ಇಳಿದು ಬಂದಿದ್ದ. ಮಗಳನ್ನು ಕೇಳಬಹುದಿತ್ತು. ಆದರೆ ಹಿರಿಯ ಹೆಂಗಸಿನ ಮೇಲೆ ಮಗಳ ಹತ್ತಿರ ಚಾಡಿ ಹೇಳುವುದು ಸೆಲೆಸ್ಟಿನ್ ಬಾಯಿಗೆ ಸರಿ ಬರಲಿಲ್ಲ. ಕೈಸನ್ನೆಯಲ್ಲಿ ಏಳು ಎನ್ನುವುದು ಇನ್ನೂ ಅಸಹ್ಯ. ಇತ್ತ ಒತ್ತಿಟ್ಟ ಮೊದಲ ಕಂತು ಹುಳಿ ವಾಸನೆ ಹೊಡೆದು ಕಸಕ್ಕೆ ಹೋಯಿತು. ಸಂಘದ ಬ್ರೆಂಡಾ ಫೋನು ಮಾಡಿ, ಕಷ್ಟವಾದರೆ ಅಂಗಡಿಯ ಪ್ಯಾಕೆಟ್ ಹಪ್ಪಳ ತರಿಸುತ್ತೇನೆ ಎಂದಳು. ಆ ಮಾತು ಮೈಗೆ ಮುಳ್ಳಿನಂತೆ ಚುಚ್ಚಿತು.

ಫೋನಿನಲ್ಲಿ ಹುಡುಕಿದಾಗ, ಲಿಥುವೇನಿಯನ್ನಿನಲ್ಲಿ ವಿನಯದಿಂದ ಪ್ರಶ್ನೆ ಕೇಳುವುದನ್ನು ಹೊಸಬರಿಗೆ ಕಲಿಸುವ ಪಾಠ ಪುಕ್ಕಟೆ ಸಿಕ್ಕಿತು. ನಾವು ಮಾತಿನ ಬಾಲಕ್ಕೆ 'ಆ' ಕಟ್ಟಿ ಪ್ರಶ್ನೆ ಮಾಡುತ್ತೇವೆ, ಅವರು ತಲೆಗೆ 'ಆರ್' ಕಟ್ಟುತ್ತಾರೆ. ಅಷ್ಟು ತಿಳಿದ ಮೇಲೆ ಸೆಲೆಸ್ಟಿನ್ ಬಾಯಿಗೆ ಧೈರ್ಯ ಬಂತು. ಒಲೆಯ ಮುಂದೆ ನಿಂತು, "ಆರ್ ಯೂಸ್ ಯೌ ವಲ್ಗೇತೆ?" ಎಂದು ಉರು ಹೊಡೆದರು. ತಮ್ಮದು ಊಟವಾಯಿತಾ ಎಂದು ಅರ್ಥ. ನಿದ್ದೆ, ಮಂಡಿನೋವು ವಿಚಾರಿಸುವ ಸಾಲುಗಳನ್ನೂ ಹಾಗೇ ಕಲಿತರು.

ಗಂಡ ಥಾಮಸ್ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯಲ್ಲಿ ಮ್ಯಾನೇಜರ್. ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸಿಕ್ಕಿಬಿದ್ದು ಬಂದರೂ ತಮಾಷೆಗೆ ಕಡಿಮೆ ಇರಲಿಲ್ಲ.

"ಆಲ್ದೋನಾ ಅಂದ್ರೆ ಗೋವಾದಲ್ಲಿ ಒಂದು ಊರು ಮಾರಾಯ್ತಿ. ಕೊಂಕಣಿಯಲ್ಲೇ ಕೇಳಿ ನೋಡು, ಸೆಲ್ಲಿ."

"ನೀವು ಸುಮ್ಮನೆ ಗಂಜಿ ಉಣ್ಣಿ."

"ಜಾಗ ಬಿಡಿ ಅಂತ ಹೇಳ್ಲಿಕ್ಕೆ ಊಟ, ನಿದ್ದೆ, ಮಂಡಿನೋವು ಎಲ್ಲ ಎಂತಕ್ಕೆ?"

ಅದನ್ನು ಗಂಡಸರಿಗೆ ಬಿಡಿಸಿ ಹೇಳಲಾಗದು. ಸೆಲೆಸ್ಟಿನ್ ಬಾಯಿಯ ತವರಿನಲ್ಲಿ ನೆರೆಮನೆಗೆ ಬೀಸುಕಲ್ಲು ಕೇಳಲು ಹೋದವರು ಬೀಸುಕಲ್ಲಿನ ಸುದ್ದಿ ಎತ್ತುವುದು ಹೊರಡುವಾಗ, ಹೊಸ್ತಿಲಲ್ಲಿ ನಿಂತು, ಈಗಷ್ಟೇ ನೆನಪಾದವರ ಹಾಗೆ. ಅದಕ್ಕೆ ಮೊದಲು ಮನೆಯವರ, ದನಕರುಗಳ ಕ್ಷೇಮವೆಲ್ಲ ವಿಚಾರಿಸಿ ಆಗಬೇಕು.

ಹಾಗಾಗಿ ದಿನಾ ಹತ್ತು ಗಂಟೆಗೆ ಸುತ್ತಿದ ಚಾಪೆಯನ್ನು ಟ್ಯಾಂಕಿನ ಹಿಂದೆ ಮರೆಸಿಟ್ಟು, ಕ್ಷಮೆ ಬೇಡಿ, ಒಂದು ಮಾತು ಕೇಳಬಹುದೇ ಎಂದು ಅಪ್ಪಣೆ ಪಡೆದು ಕುಳಿತರು. ನಿದ್ದೆ ಬಂತಾ, ಮಂಡಿ ನೋಯುತ್ತದಾ ಎಂದು ವಿಚಾರಿಸಿದರು. ಪ್ರಶ್ನೆ ಕಲಿತವರು ಉತ್ತರ ಕಲಿತಿರಲಿಲ್ಲವೆಂಬುದು ಆಗ ಗೊತ್ತಾಯಿತು. ಆಲ್ದೋನಾ ಮಂಡಿಯ ಪ್ರಶ್ನೆಗೇ ಕೈ ಬೀಸಿ, ಕಣ್ಣರಳಿಸಿ, ಅರ್ಧ ಗಂಟೆ ಹೇಳಿದರು. ಇವರು ನಡುನಡುವೆ "ದೇವರೇ" ಎಂದು ತಲೆಯಾಡಿಸಿದರು. ಎರಡನೆಯ ದಿನ ಮೆಟ್ಟಿಲ ಬಾಗಿಲಲ್ಲಿ ನಿಂತು ಇನ್ನೇನು ಬಾಯಿ ತೆರೆಯಬೇಕು, ಆಲ್ದೋನಾ ತೀರಿಹೋದ ಗಂಡನ ಫೋಟೊ ತೆಗೆದರು. ಮೂರನೆಯ ದಿನ ಕರಿ ರೊಟ್ಟಿ, ಉಪ್ಪಿನ ಸೌತೆ ಕೊಟ್ಟರು. ತಿಂದ ಬಾಯಲ್ಲಿ ಜಾಗ ಬಿಡಿ ಎನ್ನುವುದು ಹೇಗೆ? ಹೀಗೆ ಎಂಟು ದಿನ ಕಳೆಯಿತು. ಬಿಸಿಲು ದಿನಾ ಬಂದು ಹೋಯಿತು.

ಒಂಬತ್ತನೆಯ ಬೆಳಿಗ್ಗೆ ಸಂಘದ ಊಟಕ್ಕೆ ಐದೇ ದಿನ ಉಳಿದಿತ್ತು. ಸೆಲೆಸ್ಟಿನ್ ಬಾಯಿ ಹೊಸ ಹಪ್ಪಳ ಒತ್ತಿಟ್ಟು ಮೇಲೆ ಹೋದರು. ಕ್ಷೇಮ ವಿಚಾರಣೆ ಮುಗಿಸಿ, ಬಾಗಿಲವರೆಗೆ ಹೋಗಿ, ತಿರುಗಿ, "ಆರ್ ಗಲೇತುಮೇತೆ ಪಸಿಸ್ಲಿಂಕ್ತಿ?" ಎಂದರು. ಸ್ವಲ್ಪ ಸರಿದುಕೊಳ್ಳಬಹುದೇ ಎಂಬ ಆ ಒಂದು ಸಾಲು ನಾಲಿಗೆಗೆ ಹತ್ತಲು ವಾರ ಹಿಡಿದಿತ್ತು.

ಆಲ್ದೋನಾ ಎದ್ದರು. ಮಂಚ ಮಡಚಿದರು. ಟ್ಯಾಂಕಿನ ಹಿಂದಿನಿಂದ ತಾವೇ ಚಾಪೆ ತಂದು ಬಿಸಿಲಲ್ಲಿ ಹಾಸಿ, ಒಂದೊಂದೇ ಪದ ಎಣಿಸುತ್ತ ಇಂಗ್ಲಿಷಿನಲ್ಲಿ ಹೇಳಿದರು.

"ಒಂಬತ್ತು ದಿನದಿಂದ ನೋಡ್ತಾ ಇದ್ದೆ. ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ."

ಸೆಲೆಸ್ಟಿನ್ ಬಾಯಿ ಬಾಗಿಲಿಂದ ಮರಳಿ ಬಂದರು. "ನಿಮಗೆ ಇಂಗ್ಲಿಷ್ ಬರ್ತದಾ? ಮೊದಲೇ ಹೇಳಬಾರದಿತ್ತಾ?"

"ಮೊದಲ ದಿನವೇ ಜಾಗ ಬಿಟ್ಟಿದ್ದರೆ ಎರಡನೆಯ ದಿನ ನೀನು ಬರ್ತಾ ಇದ್ದಿಯಾ? ನನ್ನ ಮಗಳೂ ನಿದ್ದೆ ಬಂತಾ ಅಂತ ಕೇಳೋದಿಲ್ಲ."

ಆಮೇಲೆ ಮಂಡಿಯ ಸಂಗತಿ ಹೊರಬಿತ್ತು. ಅದಕ್ಕೆ ನೋವೇ ಇರಲಿಲ್ಲ. ಆ ಅರ್ಧ ಗಂಟೆ ಆಲ್ದೋನಾ ಹೇಳಿದ್ದು, ಊರಿನ ನೆರೆಯಾಕೆ ದಿನಾ ನಗುನಗುತ್ತ ಮಾತಾಡಿಸಿ ತಮ್ಮ ಆಲೂಗೆಡ್ಡೆ ಪಾತಿಯೊಳಗೆ ಎರಡು ಅಡಿ ಬೇಲಿ ಸರಿಸಿದ ಕಥೆ.

ಆ ಐದು ದಿನ ಆಲ್ದೋನಾ ನೆರಳಲ್ಲಿ ಮಗುಚಿದ ಬಕೆಟ್ಟಿನ ಮೇಲೆ ಕುಳಿತು ಹಪ್ಪಳ ತಿರುವಿ ಹಾಕಿದರು, ಸೆಲೆಸ್ಟಿನ್ ಬಾಯಿ ಪ್ರಶ್ನೆ ಕೇಳಿದರು. ಐನೂರರ ಬದಲು ಮುನ್ನೂರ ಹತ್ತು ಹಪ್ಪಳವಾಯಿತು. ಉಳಿದದ್ದಕ್ಕೆ ಬ್ರೆಂಡಾ ಪ್ಯಾಕೆಟ್ ತರಿಸಿದಳು, ಊಟದ ದಿನ ಅದನ್ನು ನಾಲ್ಕು ಜನರಿಗೆ ತೋರಿಸಿಯೂ ತೋರಿಸಿದಳು. ನಾಲ್ಕು ಕಿಲೋ ಮರಗೆಣಸು ಹಾಳಾಯಿತು. ಸಿಕ್ಕಿದ್ದು ಹತ್ತು ಗಂಟೆಗೆ ಕಾಯುವ ಒಬ್ಬ ಗೆಳತಿ, ಅವರ ಊರಿನ ಚಳಿ ಇಳಿಯುವ ಮಾರ್ಚ್ ಕೊನೆಯವರೆಗೆ.