ಬೀರುವಿನ ಮೇಲಿನ ಮಂಜು

ಮರದ ಪಾಲಿಶ್ ಕುಡಿಯುವವರಿಗೆ ಉಪ್ಪು ಬೇಕು. ಅರಗು ಕರಗಿಸಿದ ಸ್ಪಿರಿಟ್ಟಿಗೆ ಒಂದು ಹಿಡಿ ಉಪ್ಪು ಸುರಿದು ಕುಲುಕಿದರೆ ಅರಗು ಗಂಟುಕಟ್ಟಿ ತಳಕ್ಕಿಳಿಯುತ್ತದೆ, ಮೇಲಿನದನ್ನು ಸೋಸಿ ಕುಡಿಯುತ್ತಾರೆ. ಯುದ್ಧದ ವರ್ಷಗಳಲ್ಲಿ ಸ್ವೀಡನ್ನಿನಲ್ಲಿ ಹೆಂಡಕ್ಕೂ ರೇಷನ್ ಪುಸ್ತಕ ಬಂತು. ಕುಡಿತ ಮಿತಿಮೀರಿತೆಂದು ನನ್ನ ಗಂಡ ಟೂರೆಯ ಪುಸ್ತಕವನ್ನು ಅಧಿಕಾರಿಗಳು ಕಿತ್ತುಕೊಂಡಿದ್ದರು. ನಾನು ಉಪ್ಪು ಬಚ್ಚಿಟ್ಟೆ. ಅವನು ಹೆರಿಂಗ್ ಮೀನಿನ ಪೀಪಾಯಿಯಿಂದಲೇ ಉಪ್ಪು ಕೆರೆದುಕೊಂಡ. ನಾನು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುವ ಆಸಾಮಿ.

ಆದರೆ ಮರಕ್ಕೆ ಹೊಳಪು ಕೊಡುವುದರಲ್ಲಿ ನಮ್ಮ ಟಿಬ್ರೂ ಊರಿನಲ್ಲಿ ಅವನ ಸಮ ಯಾರೂ ಇರಲಿಲ್ಲ. ಉಣ್ಣೆಯ ಉಂಡೆಯನ್ನು ಪಾಲಿಶಿನಲ್ಲಿ ಅದ್ದಿ ಸುತ್ತುಸುತ್ತಾಗಿ ಉಜ್ಜುತ್ತ ಹೋದರೆ, ಮಂಕಾಗಿದ್ದ ಬರ್ಚ್ ಮರದ ಹಲಗೆಯೊಳಗಿಂದ ಎಳೆಗಳು ಒಲೆಯ ಉರಿಯಂತೆ ಎದ್ದು ಬರುತ್ತಿದ್ದವು. ಅದನ್ನು ನೋಡಿಯೇ ನಾನು ಅವನಿಗೆ ಮರುಳಾದದ್ದು. ನನಗೆ ಕೆಲಸ ಕಲಿಸಿದವನೂ ಅವನೇ.

ಆ ನವೆಂಬರಿನಲ್ಲಿ ಪಾದ್ರಿಯ ಮನೆಗೊಂದು ಬೀರು ಮಾಡುತ್ತಿದ್ದೆವು. ಟೂರೆ ಕುರ್ಚಿಗಳನ್ನು ಹೇರಿಕೊಂಡು ಸ್ಟೇಷನ್ನಿಗೆ ಹೋಗಿದ್ದ. ಹೊಸದಾಗಿ ಬಂದ ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಶನ್ನು ಬೀರುವಿನ ಬಾಗಿಲಿಗೆ ಹಚ್ಚಿದೆ. ಉಂಡೆಯನ್ನು ಮರವೇ ಹಿಡಿದೆಳೆದಂತಾಯಿತು. ಪಾಲಿಶ್ ಕೈ ತೆಗೆಯುವಷ್ಟರಲ್ಲಿ ಒಣಗಿ, ಎಳೆಗಳ ಮೇಲೆ ಬಿಳಿ ಮಂಜು ಕೂತಿತು. ಥಂಡಿ ಹಿಡಿದರೂ ಹೀಗೆ ಬೆಳ್ಳಗಾಗುವುದುಂಟು, ಹೊರಗೆ ಮೂರು ದಿನದಿಂದ ಮಳೆ. ಮಳೆಯನ್ನು ಬೈದು, ಒಲೆಗೆ ಎರಡು ಕೊರಡು ತುರುಕಿ, ಮೀನು ಹುರಿಯಲು ಹೋದೆ.

ಸಂಜೆ ಬಂದ ಟೂರೆ ಬೀರುವಿನ ಕಡೆ ತಿರುಗಿಯೂ ನೋಡಲಿಲ್ಲ.

"ಹೊಸ ಸರಕು ಬಂತೇನೇ ಎಲ್ನಾ?"

"ಬಂದಿದೆ. ಬೀರುಗೆ, ನಿನ್ನ ಹೊಟ್ಟೆಗಲ್ಲ."

"ಬೀರುಗೆ ಬಾಯಿಲ್ಲ ಕಣೇ, ಪಾಪ. ಅದರ ಪಾಲೂ ನಾನೇ ಕುಡೀಬೇಕು."

ನನಗೂ ನಗು ಬಂತು. ಜಗಳವಾಡಬೇಕಿತ್ತು, ನಕ್ಕುಬಿಟ್ಟೆ.

ಆ ರಾತ್ರಿ ಕುಡಿದವನಿಗೆ ಮರುದಿನವೆಲ್ಲ ತಲೆನೋವು, ವಾಂತಿ. ಅದರಾಚೆಯ ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕೂತು ಕೇಳಿದ: "ಹಿಮ ಬೀಳ್ತಿದೆಯಾ? ಎಲ್ಲಾ ಬೆಳ್ಳಗಿದೆ."

"ಎಲ್ಲಿಯ ಹಿಮ? ಬಿಸಿಲು ಬಂದಿದೆ ನೋಡು."

ಅವನು ನೋಡಿದ್ದು ಗೋಡೆಯ ಕಡೆ.

ಸ್ಪಿರಿಟ್ಟಿಗೆ ವಿಷದ ಸ್ಪಿರಿಟ್ ಬೆರೆತಿದೆ ಎಂದರು ಡಾಕ್ಟರು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚೆ ಒಳ್ಳೆಯ ಸ್ಪಿರಿಟ್ ಸಿಕ್ಕಿತು. ಅದರಲ್ಲಿ ಉಜ್ಜಿದೊಡನೆ ಬೀರುವಿನ ಮಂಜು ಕರಗಿ ಎಳೆಗಳು ಎದ್ದುಬಂದವು. ಮರದ್ದು ಎಷ್ಟು ಸುಲಭ ಎಂದು ಹೊಟ್ಟೆ ಉರಿಯಿತು. ಟೂರೆ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಬಾಗಿಲನ್ನು ಬೆರಳಲ್ಲಿ ಸವರುತ್ತಿದ್ದ.

"ಇದಕ್ಕೆ ಅವತ್ತು ಆ ಪಾಲಿಶೇ ಹಚ್ಚಿದ್ಯಲ್ಲ. ಏನೂ ಅನಿಸ್ಲಿಲ್ವಾ?"

ಈ ಮಾತಿಗೇ ಇಷ್ಟು ದಿನ ಹೆದರಿಕೊಂಡಿದ್ದೆ. "ಬೆಳ್ಳಗಾಯ್ತು. ಥಂಡಿ ಅಂದ್ಕೊಂಡೆ."

"ಬೇಗ ಒಣಗ್ತಾ?"

"ಹೂಂ. ಒಣಗ್ತು."

ಬಹಳ ಹೊತ್ತು ಬಾಗಿಲು ಸವರುತ್ತಲೇ ಇದ್ದ. ಆಮೇಲೆ, "ನಾನಾಗಿದ್ರೂ ಥಂಡಿ ಅಂತಾನೇ ಅಂದ್ಕೊಳ್ತಿದ್ದೆ ಬಿಡು," ಎಂದ.

ಸುಳ್ಳು. ಥಂಡಿಯಲ್ಲಿ ಪಾಲಿಶ್ ನಿಧಾನ ಒಣಗುತ್ತದೆ, ಬೇಗ ಒಣಗಿದರೆ ಸ್ಪಿರಿಟ್ಟೇ ಕೆಟ್ಟದ್ದು ಎಂದು ನನಗೆ ಕಲಿಸಿದವನೇ ಅವನು.